ನಾಲ್ವರ ಪ್ರಯಾಣಕ್ಕೆ ಎಪ್ಪತ್ತು ಕೋಟಿ ಪೌಂಡ್

ಬ್ರಿಟನ್ನಿನ ಆಗಿನ ಗೃಹ ಸಚಿವೆ ಇವೆಟ್ ಕೂಪರ್ 2024ರ ಜುಲೈನಲ್ಲಿ ಸಂಸತ್ತಿನ ಮುಂದಿಟ್ಟ ಲೆಕ್ಕದ ಪ್ರಕಾರ, ದೋಣಿಗಳಲ್ಲಿ ಬಂದಿಳಿಯುವ ಆಶ್ರಯಾರ್ಥಿಗಳನ್ನು ಆಫ್ರಿಕಾದ ರುವಾಂಡಾಕ್ಕೆ ಸಾಗಹಾಕುವ ಯೋಜನೆಗೆ ಹಿಂದಿನ ಸರ್ಕಾರ ಮಾಡಿದ ವೆಚ್ಚ 70 ಕೋಟಿ ಪೌಂಡ್, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 7,500 ಕೋಟಿ ರೂಪಾಯಿ. ಎರಡು ವರ್ಷಗಳಲ್ಲಿ ಹೀಗೆ ಸಾಗಿದವರು ನಾಲ್ಕು ಮಂದಿ. ಆ ನಾಲ್ವರೂ ಬಲವಂತಕ್ಕೆ ಹೋದವರಲ್ಲ. ತಲಾ 3,000 ಪೌಂಡ್‌ವರೆಗೆ ಕೊಡುತ್ತೇವೆ ಎಂದಾಗ ತಾವಾಗಿಯೇ ಒಪ್ಪಿ ಹೋದವರು. ಇದೇ ಅವಧಿಯಲ್ಲಿ ಒಪ್ಪಂದದ ಕೆಲಸಕ್ಕೆಂದು ರುವಾಂಡಾದ ರಾಜಧಾನಿ ಕಿಗಾಲಿಗೆ ಹೋಗಿಬಂದ ಬ್ರಿಟಿಷ್ ಗೃಹ ಸಚಿವರು ಮೂವರು: ಪ್ರೀತಿ ಪಟೇಲ್, ಸುಯೆಲ್ಲಾ ಬ್ರೇವರ್‌ಮನ್ ಮತ್ತು ಜೇಮ್ಸ್ ಕ್ಲೆವರ್ಲಿ. ವಲಸಿಗರಿಗಿಂತ ಸಚಿವರೇ ಹೆಚ್ಚು ಸಂಖ್ಯೆಯಲ್ಲಿ ರುವಾಂಡಾ ಕಂಡಿದ್ದಾರೆ ಎಂಬ ಗೇಲಿ ಲಂಡನ್ನಿನಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಕೊನೆಗೆ ವಲಸಿಗರು ನಾಲ್ಕು–ಮೂರರಿಂದ ಗೆದ್ದು ಸರ್ಕಾರದ ಮರ್ಯಾದೆ ಉಳಿಸಿದರು ಎಂಬುದನ್ನು ಇತಿಹಾಸಕಾರರು ದಯವಿಟ್ಟು ದಾಖಲಿಸಬೇಕು.

ಗಡಿಗಳನ್ನು ತೆರೆದಿಡಬೇಕೆ, ಮುಚ್ಚಬೇಕೆ ಎಂಬ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಪಂಗಡಗಳಿರುತ್ತವೆ. ತೆರೆದರೆ ದುಡಿಯುವ ಕೈಗಳು ಬರುತ್ತವೆ, ತೆರಿಗೆ ಬರುತ್ತದೆ, ಮುದುಕರನ್ನು ನೋಡಿಕೊಳ್ಳುವವರು ಸಿಗುತ್ತಾರೆ ಎನ್ನುವವರು ಒಂದು ಕಡೆ. ತೆರೆದರೆ ಮನೆ ಬಾಡಿಗೆ ಏರುತ್ತದೆ, ಆಸ್ಪತ್ರೆಯ ಸರದಿ ಸಾಲು ಬೆಳೆಯುತ್ತದೆ, ಹುಟ್ಟಿದ ಊರೇ ಗುರುತು ಸಿಗದಂತಾಗುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡು ವಾದಗಳಲ್ಲೂ ಹುರುಳಿದೆ. ಈ ಎರಡೂ ಪಂಗಡಗಳನ್ನು ಏಕಕಾಲಕ್ಕೆ ನಿರಾಶೆಗೊಳಿಸುವ ಮೂರನೆಯ ಮಾರ್ಗವನ್ನು ಕಂಡುಹಿಡಿದ ಕೀರ್ತಿ ಬ್ರಿಟನ್ನಿಗೆ ಸಲ್ಲಬೇಕು. ಗಡಿಯನ್ನು ತೆರೆದಿಡಲು ತಗಲುವ ವೆಚ್ಚವನ್ನೂ, ಅದನ್ನು ಮುಚ್ಚಿದ್ದೇವೆಂದು ತೋರಿಸಲು ತಗಲುವ ವೆಚ್ಚವನ್ನೂ ಒಂದೇ ಬೊಕ್ಕಸದಿಂದ ಒಟ್ಟಿಗೆ ಭರಿಸುವುದೇ ಆ ಮಾರ್ಗ.

ರುವಾಂಡಾ ಯೋಜನೆ ಇದರ ಪೈಕಿ ಎರಡನೆಯ ಬಾಬತ್ತಿಗೆ ಸೇರಿದ್ದು. 2022ರ ಏಪ್ರಿಲ್‌ನಲ್ಲಿ ಬೋರಿಸ್ ಜಾನ್ಸನ್ ಸರ್ಕಾರ ಘೋಷಿಸಿದ ಈ ಯೋಜನೆಯಂತೆ, ಫ್ರಾನ್ಸಿನ ತೀರದಿಂದ ರಬ್ಬರ್ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದವರನ್ನು ಸುಮಾರು 6,500 ಕಿಲೋಮೀಟರ್ ದೂರದ ಕಿಗಾಲಿಗೆ ಕಳುಹಿಸಬೇಕು. ಅವರು ಅಲ್ಲಿಯೇ ಅರ್ಜಿ ಹಾಕಿ ಅಲ್ಲಿಯೇ ನೆಲೆಸಬೇಕು. ಅದೇ ಒಪ್ಪಂದದ ಇನ್ನೊಂದು ಕಲಮಿನಲ್ಲಿ, ರುವಾಂಡಾದಲ್ಲಿರುವ ಅತ್ಯಂತ ದುರ್ಬಲ ನಿರಾಶ್ರಿತರಲ್ಲಿ ಒಂದಷ್ಟು ಮಂದಿಯನ್ನು ಬ್ರಿಟನ್ ತನ್ನಲ್ಲಿಗೆ ಕರೆಸಿಕೊಳ್ಳುವುದಾಗಿ ಬರೆದಿತ್ತು. ವಲಸೆ ತಡೆಯಲು ಮಾಡಿಕೊಂಡ ಒಪ್ಪಂದದಲ್ಲೇ ವಲಸೆಗೆ ದಾರಿ ಮಾಡಿಕೊಡುವ ಈ ಔದಾರ್ಯವನ್ನು ಚುನಾವಣಾ ಭಾಷಣಗಳಲ್ಲಿ ಯಾರೂ ಕೊಂಡಾಡಲಿಲ್ಲ. 2022ರ ಜೂನ್ 14ರಂದು ಹೊರಡಬೇಕಿದ್ದ ಮೊದಲ ವಿಮಾನವು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದ ತಡೆಯಿಂದಾಗಿ ನಿಂತಲ್ಲೇ ನಿಂತಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಬ್ರೇವರ್‌ಮನ್ ಅವರು, ರುವಾಂಡಾಕ್ಕೆ ಹಾರುವ ವಿಮಾನವನ್ನು ಪತ್ರಿಕೆಯ ಮುಖಪುಟದಲ್ಲಿ ನೋಡುವುದು ತಮ್ಮ ಕನಸು ಎಂದರು. ಮರುವರ್ಷ ಕಿಗಾಲಿಗೆ ಹೋದಾಗ ವಲಸಿಗರಿಗೆಂದು ತೋರಿಸಿದ ಮನೆಗಳ ಒಳಾಂಗಣ ವಿನ್ಯಾಸವನ್ನು ಮನಸಾರೆ ಮೆಚ್ಚಿಕೊಂಡರು. ಅಲ್ಲಿನ ಒಂದು ಬಡಾವಣೆಯ ಮನೆಗಳಲ್ಲಿ ಹೆಚ್ಚಿನವನ್ನು ಸ್ಥಳೀಯರೇ ಕೊಂಡುಕೊಂಡಾಗಿದೆ ಎಂಬ ಸುದ್ದಿ ಬಂದದ್ದು ಆಮೇಲೆ.

2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ರುವಾಂಡಾಕ್ಕೆ ಕಳುಹಿಸಿದವರನ್ನು ಅವರು ಪ್ರಾಣಭಯದಿಂದ ಬಿಟ್ಟುಬಂದ ದೇಶಕ್ಕೇ ಮತ್ತೆ ಅಟ್ಟುವ ನಿಜವಾದ ಅಪಾಯವಿರುವುದರಿಂದ ಅದನ್ನು ಸುರಕ್ಷಿತ ದೇಶವೆಂದು ಪರಿಗಣಿಸಲಾಗದು ಎಂಬುದು ಅದರ ಸಾರ. ಸಾಮಾನ್ಯ ಸರ್ಕಾರಗಳು ಇಂಥ ಸಂದರ್ಭದಲ್ಲಿ ಯೋಜನೆಯನ್ನು ಬದಲಿಸುತ್ತವೆ. ರಿಷಿ ಸುನಕ್ ಸರ್ಕಾರ ವಾಸ್ತವವನ್ನೇ ಬದಲಿಸಲು ನಿರ್ಧರಿಸಿತು. ರುವಾಂಡಾ ಸುರಕ್ಷಿತ ದೇಶವೆಂದು ಎಲ್ಲ ಅಧಿಕಾರಿಗಳೂ ನ್ಯಾಯಾಲಯಗಳೂ ಕಡ್ಡಾಯವಾಗಿ ಭಾವಿಸತಕ್ಕದ್ದು ಎಂದು ವಿಧಿಸುವ ಕಾಯ್ದೆಯೊಂದು 2024ರ ಏಪ್ರಿಲ್ 25ರಂದು ರಾಜಮುದ್ರೆ ಪಡೆಯಿತು. ಲಂಡನ್ನಿನ ಆಕಾಶ ಶುಭ್ರವಾಗಿದೆ ಎಂದು ಇನ್ನೊಂದು ಕಾಯ್ದೆ ಮಾಡಿದ್ದರೆ ಆ ದೇಶದ ಛತ್ರಿಯ ಖರ್ಚಾದರೂ ಉಳಿಯುತ್ತಿತ್ತು. ಈ ನಡುವೆ ಅದೇ ಸರ್ಕಾರದ ಅದೇ ಗೃಹ ಇಲಾಖೆಯು ಕೆಲವು ರುವಾಂಡಾ ಪ್ರಜೆಗಳಿಗೆ, ತಮ್ಮ ದೇಶದಲ್ಲಿ ಅವರಿಗಿರುವ ಭಯ ಸಕಾರಣವಾದುದೆಂದು ಒಪ್ಪಿ, ಆಶ್ರಯ ನೀಡಿತ್ತು. ಅವರು ಕಾಯ್ದೆಯನ್ನು ಓದಿರಲಿಲ್ಲವೆಂದು ಕಾಣುತ್ತದೆ.

ಇದು ಗಡಿಯ ಮುಚ್ಚಿದ ಬಾಗಿಲಿನ ಕಥೆ. ಕ್ಯಾಮೆರಾಗಳೆಲ್ಲ ಈ ಬಾಗಿಲಿನತ್ತ ತಿರುಗಿದ್ದ 2023ರಲ್ಲಿ ದೋಣಿಗಳ ಮೂಲಕ ಬಂದವರ ಸಂಖ್ಯೆ ಸುಮಾರು 29,000. ಆ ವರ್ಷದ ಜೂನ್‌ಗೆ ಕೊನೆಗೊಂಡ ಹನ್ನೆರಡು ತಿಂಗಳಲ್ಲಿ, ದೇಶ ಬಿಟ್ಟವರನ್ನು ಕಳೆದು ಉಳಿಯುವ ನಿವ್ವಳ ವಲಸೆ 9 ಲಕ್ಷ ದಾಟಿತ್ತು. ಅಂದರೆ ದೋಣಿಯವರು ಆ ಸಂಖ್ಯೆಯ ಮೂವತ್ತರಲ್ಲಿ ಒಂದು ಪಾಲಿನಷ್ಟೂ ಸರಿಯಾಗಿ ಆಗುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಕತ್ತಲಲ್ಲಿ ಈಜಿ ಬಂದವರಲ್ಲ; ಸರ್ಕಾರವೇ ಶುಲ್ಕ ಪಡೆದು, ಬೆರಳಚ್ಚು ತೆಗೆದು, ವೀಸಾ ಕೊಟ್ಟು ವಿಮಾನ ನಿಲ್ದಾಣದಲ್ಲಿ ಬರಮಾಡಿಕೊಂಡವರು. ಗಡಿಯ ನಿಯಂತ್ರಣ ನಮ್ಮ ಕೈಗೆ ಮರಳಲಿ ಎಂಬ ಘೋಷಣೆಯೊಡನೆ 2016ರಲ್ಲಿ ಐರೋಪ್ಯ ಒಕ್ಕೂಟ ತೊರೆಯಲು ಮತ ಹಾಕಿದ ದೇಶ ಇದು. ನಿಯಂತ್ರಣ ಕೈಗೆ ಬಂದ ಮೇಲೆ ಅದನ್ನು ಪೂರ್ತಿಯಾಗಿ ತಿರುಗಿಸಿ ನೋಡುವ ಆಸೆ ಯಾರಿಗಾದರೂ ಆಗುವುದು ಸಹಜ.

ಅಗತ್ಯವೂ ಇತ್ತೆನ್ನಿ. ಒಕ್ಕೂಟ ತೊರೆದ ಮೇಲೆ ಪೋಲೆಂಡ್, ರೊಮೇನಿಯಾಗಳ ಲಾರಿ ಚಾಲಕರು ಮನೆಗೆ ಮರಳಿದರು. 2021ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಉದ್ದನೆಯ ಸಾಲುಗಳು ಕಾಣಿಸಿಕೊಂಡವು. ಕ್ರಿಸ್‌ಮಸ್ ಹಬ್ಬಕ್ಕೆ ಟರ್ಕಿ ಕೋಳಿ ಸಿಗದಿದ್ದರೆ ಯಾವ ಸರ್ಕಾರವೂ ಉಳಿಯುವುದಿಲ್ಲವಾದ್ದರಿಂದ 5,000 ಲಾರಿ ಚಾಲಕರಿಗೂ 5,500 ಕೋಳಿ ಉದ್ಯಮದ ಕಾರ್ಮಿಕರಿಗೂ ತಾತ್ಕಾಲಿಕ ವೀಸಾ ಪ್ರಕಟವಾಯಿತು. ಮೊದಲ ಪ್ರಕಟಣೆಯಲ್ಲಿ ಅದರ ಅವಧಿ ಡಿಸೆಂಬರ್ 24ಕ್ಕೆ ಮುಗಿಯುತ್ತಿತ್ತು. ಐರೋಪ್ಯ ಸೋದರರು ಬಂದು ನಮ್ಮ ಹಬ್ಬದ ಕೋಳಿಯನ್ನು ಕೊಯ್ದು, ಸುಲಿದು, ಕಟ್ಟಿ, ಅಂಗಡಿಗೆ ಮುಟ್ಟಿಸಿ, ಹಬ್ಬದ ಹಿಂದಿನ ದಿನ ಹೊರಟುಬಿಡಬೇಕು ಎಂಬ ಈ ಆಮಂತ್ರಣಕ್ಕಿಂತ ಸ್ಪಷ್ಟವಾಗಿ ವಲಸೆ ನೀತಿಯನ್ನು ಯಾವ ಶ್ವೇತಪತ್ರವೂ ವಿವರಿಸಿಲ್ಲ. ಸಾಗಣೆ ಉದ್ಯಮದವರು ಇದುವರೆಗೆ ಕೊಟ್ಟದ್ದು 127 ಹೆಸರುಗಳನ್ನು ಮಾತ್ರ ಎಂದು ಜಾನ್ಸನ್ ಅಕ್ಟೋಬರ್‌ನಲ್ಲಿ ಅಚ್ಚರಿಪಟ್ಟರು. ಅವಧಿಯನ್ನು ನಂತರ ವಿಸ್ತರಿಸಬೇಕಾಯಿತು.

ವೃದ್ಧರ ಮತ್ತು ಅಂಗವಿಕಲರ ಆರೈಕೆಯ ಕ್ಷೇತ್ರದಲ್ಲಿ ಇಂಗ್ಲೆಂಡ್ ಒಂದರಲ್ಲೇ ಸುಮಾರು 1,65,000 ಹುದ್ದೆಗಳು ಖಾಲಿಯಿದ್ದ ಕಾಲದಲ್ಲಿ, 2022ರ ಫೆಬ್ರುವರಿಯಲ್ಲಿ, ಆರೈಕೆ ಕಾರ್ಮಿಕರಿಗೆ ವೀಸಾ ತೆರೆಯಲಾಯಿತು. ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಜನ ಬಂದರು. ಕರೆದವರು ಬಂದೇಬಿಟ್ಟರಲ್ಲ ಎಂದು ಗಾಬರಿಗೊಂಡ ಸರ್ಕಾರ 2024ರ ಮಾರ್ಚ್‌ನಲ್ಲಿ ಅವರ ಹೆಂಡತಿ, ಗಂಡ, ಮಕ್ಕಳಿಗೆ ಪ್ರವೇಶ ನಿಷೇಧಿಸಿತು. ಅದರ ನಂತರ ಬಂದ ಸರ್ಕಾರ 2025ರ ಜುಲೈನಲ್ಲಿ ಹೊರದೇಶದ ಹೊಸ ನೇಮಕಾತಿಯನ್ನೇ ನಿಲ್ಲಿಸಿತು. ಬ್ರಿಟನ್ನಿನ ಅಜ್ಜನನ್ನು ಎತ್ತಿ ಸ್ನಾನ ಮಾಡಿಸುವ ಕೈ ಬೇಕು, ಆ ಕೈ ಹಿಡಿದು ಬರುವ ಮಗು ಬೇಡ. ವಿದ್ಯಾರ್ಥಿಗಳ ವಿಷಯದಲ್ಲೂ ಇದೇ ವಿವೇಕ. ಸ್ವದೇಶಿ ವಿದ್ಯಾರ್ಥಿಯ ಶುಲ್ಕವನ್ನು ವರ್ಷಗಟ್ಟಲೆ 9,250 ಪೌಂಡಿಗೆ ಕಟ್ಟಿಹಾಕಿದ್ದರಿಂದ ಬಂದ ಕೊರತೆಯನ್ನು ವಿಶ್ವವಿದ್ಯಾಲಯಗಳು ಮಿತಿಯಿಲ್ಲದ ವಿದೇಶಿ ಶುಲ್ಕದಿಂದ ತುಂಬಿಕೊಳ್ಳುತ್ತಿದ್ದವು. 2024ರ ಜನವರಿಯಿಂದ ಬಹುತೇಕ ಸ್ನಾತಕೋತ್ತರ ವಿದ್ಯಾರ್ಥಿಗಳ ಕುಟುಂಬಕ್ಕೆ ವೀಸಾ ನಿಂತಿತು, ವಿದೇಶಿ ಅರ್ಜಿಗಳು ಇಳಿದವು, ವಿಶ್ವವಿದ್ಯಾಲಯಗಳು ಸಿಬ್ಬಂದಿಯನ್ನು ಕಡಿತಗೊಳಿಸತೊಡಗಿದವು. ಸಾಲ ಮಾಡಿ ಶುಲ್ಕ ಕಟ್ಟುತ್ತಿದ್ದ ಹೈದರಾಬಾದಿನ ತಂದೆ, ಧಾರವಾಡದ ತಾಯಿ ಮುಂತಾದವರು ತಾವು ಇಂಗ್ಲೆಂಡಿನ ಉನ್ನತ ಶಿಕ್ಷಣದ ಪೋಷಕರಾಗಿದ್ದೆವು ಎಂಬ ಗೌರವದಿಂದ ಹೀಗೆ ವಂಚಿತರಾದರು.

ವಲಸಿಗರು ಸರ್ಕಾರಿ ಆರೋಗ್ಯ ಸೇವೆಯಲ್ಲಿ ಪುಕ್ಕಟೆ ಚಿಕಿತ್ಸೆ ಪಡೆಯುತ್ತಾರೆ ಎಂಬ ದೂರೂ ಇದೆ. ಕೌಶಲದ ವೀಸಾದ ಮೇಲೆ ಬಂದವನು ಸಂಬಳದಿಂದ ತೆರಿಗೆ ಕಟ್ಟುತ್ತಾನೆ. ಅದೇ ಆರೋಗ್ಯ ಸೇವೆಗೆ ಪ್ರತ್ಯೇಕ ಅಧಿಭಾರವನ್ನೂ ಕಟ್ಟುತ್ತಾನೆ. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದ ಈ ಅಧಿಭಾರ 2024ರಿಂದ 1,035 ಪೌಂಡ್. ಐದು ವರ್ಷದ ವೀಸಾ ಬೇಕಿದ್ದರೆ 5,175 ಪೌಂಡನ್ನು ಮುಂಗಡವಾಗಿ, ಕಾಯಿಲೆ ಬೀಳುವ ಮೊದಲೇ ಕೊಡಬೇಕು. ಕೋವಿಡ್ ಕಾಲದಲ್ಲಿ, ಮಂಗಳೂರು, ಕೊಟ್ಟಾಯಂಗಳ ಕಾಲೇಜುಗಳಲ್ಲಿ ಓದಿ ಹೋದಂಥ ದಾದಿಯರು ಆ ಆಸ್ಪತ್ರೆಗಳಲ್ಲಿ ಹಗಲಿರುಳು ದುಡಿಯುತ್ತಿದ್ದಾಗಲೂ, ತಾವು ನಡೆಸುತ್ತಿದ್ದ ಆಸ್ಪತ್ರೆಗೆ ತಾವೇ ಅಧಿಭಾರ ತೆರಬೇಕಿತ್ತು. ಬೀದಿಯಲ್ಲಿ ನಿಂತು ಅವರಿಗಾಗಿ ಚಪ್ಪಾಳೆ ತಟ್ಟಿದ ಪ್ರಧಾನಿ ಜಾನ್ಸನ್ ಅವರೇ 2020ರ ಮೇ ತಿಂಗಳಲ್ಲಿ ಆ ವಸೂಲಿಯನ್ನು ಸಂಸತ್ತಿನಲ್ಲಿ ಸಮರ್ಥಿಸಿ, ಮರುದಿನವೇ ಕೈಬಿಟ್ಟರು.

ಈ ನೀತಿಗಳನ್ನು ರೂಪಿಸಿದವರ ವಂಶವೃಕ್ಷವನ್ನು ನೋಡಿದರೆ ತೆರೆದ ಗಡಿಯ ಲಾಭ ಎದ್ದು ಕಾಣುತ್ತದೆ. ಉಗಾಂಡಾದಿಂದ ಬಂದ ಗುಜರಾತಿ ದಂಪತಿಯ ಮಗಳಾದ ಪ್ರೀತಿ ಪಟೇಲ್, ತಾವು ತಂದ ಹೊಸ ನಿಯಮಗಳಡಿ ತಮ್ಮ ತಂದೆ ತಾಯಿಗೇ ಪ್ರವೇಶ ಸಿಗದಿರಬಹುದಿತ್ತು ಎಂದು 2020ರಲ್ಲಿ ಒಪ್ಪಿಕೊಂಡರು. ಬ್ರೇವರ್‌ಮನ್ ಅವರ ತಂದೆ ಕೀನ್ಯಾದಿಂದ ಬಂದವರು. ಮಾರಿಷಸ್‌ನಿಂದ ಬಂದ ತಾಯಿ ಅದೇ ಆರೋಗ್ಯ ಸೇವೆಯಲ್ಲಿ ದಾದಿಯಾಗಿದ್ದವರು. ಇನ್ನು ಸುನಕ್ ನಮ್ಮ ಪತ್ರಿಕೆಗಳ ಪಾಲಿಗೆ ಬೆಂಗಳೂರಿನ ಅಳಿಯ. ಅಳಿಯಂದಿರು ಹಣಕಾಸು ಸಚಿವರಾಗಿದ್ದಾಗಲೂ ಸ್ವಲ್ಪ ಕಾಲ ಅಮೆರಿಕದ ಗ್ರೀನ್ ಕಾರ್ಡ್ ಇಟ್ಟುಕೊಂಡಿದ್ದರೆಂಬುದು 2022ರಲ್ಲಿ ಬಯಲಾಯಿತು. ಒಂದು ದೇಶದ ಖಜಾನೆ ಕಾಯುತ್ತ ಇನ್ನೊಂದು ದೇಶದ ಕಾಯಂ ನಿವಾಸಿಯಾಗಿರುವುದು ಸಾಧ್ಯವೆಂದ ಮೇಲೆ ಗಡಿಗಳು ಎಲ್ಲರಿಗೂ ಒಂದೇ ಎತ್ತರದಲ್ಲಿಲ್ಲ ಎಂಬುದಂತೂ ಖಚಿತ.

ತೆರೆದ ಗಡಿಗೆ ವೆಚ್ಚವೇ ಇಲ್ಲವೆಂದು ಹೇಳುವವರು ಲಂಡನ್ನಿನಲ್ಲಿ ಬಾಡಿಗೆ ಮನೆ ಹುಡುಕಿದವರಲ್ಲ. ವರ್ಷಕ್ಕೆ 3 ಲಕ್ಷ ಮನೆ ಕಟ್ಟುವ ಗುರಿಯನ್ನು ಒಮ್ಮೆಯೂ ಮುಟ್ಟದ ದೇಶಕ್ಕೆ ಲಕ್ಷಾಂತರ ಜನ ಬಂದಾಗ ಬಾಡಿಗೆಯ ಬಿಸಿ ತಟ್ಟುವುದು ಮೊದಲು ಬಡವರಿಗೇ, ಅವರಲ್ಲಿ ಹಿಂದೆ ಬಂದ ವಲಸಿಗರೂ ಸೇರಿರುತ್ತಾರೆ. ಆದರೆ ಮನೆ ಕಟ್ಟುವುದು ನಿಧಾನದ ಕೆಲಸ, ಅದರಲ್ಲಿ ವಿಮಾನ ಹಾರುವ ಚಿತ್ರ ಸಿಗುವುದಿಲ್ಲ. ಅದಕ್ಕಿಂತ ಆಶ್ರಯ ಕೋರಿದವರನ್ನು ಹೋಟೆಲುಗಳಲ್ಲಿ ಕೂಡಿಹಾಕುವುದು ಸುಲಭ. 2023ರಲ್ಲಿ ಇದಕ್ಕೆ ದಿನಕ್ಕೆ ಸುಮಾರು 80 ಲಕ್ಷ ಪೌಂಡ್ ತಗಲುತ್ತಿತ್ತು. ಊಟ ಕೊಡುವ ಹೋಟೆಲಿನಲ್ಲಿರುವ ಆಶ್ರಯಾರ್ಥಿಯ ಕೈಗೆ ವಾರಕ್ಕೆ ಸಿಗುವುದು 10 ಪೌಂಡಿಗೂ ಕಡಿಮೆ. ಉಳಿದದ್ದು ಹೋಟೆಲಿನವರಿಗೆ ಮತ್ತು ಗುತ್ತಿಗೆದಾರರಿಗೆ. ಅವನು ದುಡಿಯುತ್ತೇನೆ ಎಂದರೆ ಮೊದಲ ಹನ್ನೆರಡು ತಿಂಗಳು ಅನುಮತಿಯಿಲ್ಲ. ಆಮೇಲೂ ಸರ್ಕಾರ ಪಟ್ಟಿ ಮಾಡಿದ ಕೆಲವೇ ಉದ್ಯೋಗಗಳಿಗೆ ಅವಕಾಶ. ಹೀಗೆ ಕಾನೂನಿನ ಬಲದಿಂದ ಕೂರಿಸಿದ ಮೇಲೆ, ಕೂತು ತಿನ್ನುತ್ತಾರೆ ಎಂದು ವೇದಿಕೆಯಿಂದ ಬೈಯುವುದು. 2024ರ ಆಗಸ್ಟ್‌ನಲ್ಲಿ ರಾದರ್‌ಹ್ಯಾಮ್‌ನಲ್ಲಿ ಗಲಭೆಕೋರರು ಇಂಥದೊಂದು ಹೋಟೆಲಿಗೆ, ಒಳಗೆ ಜನರಿರುವಾಗಲೇ, ಬೆಂಕಿ ಹಚ್ಚಲು ಹೊರಟರು. ಆ ಬೈಗುಳಕ್ಕೆ ಬಂದ ಈ ಬಡ್ಡಿಯನ್ನು ಯಾವ ಬಾಬತ್ತಿನಲ್ಲಿ ಬರೆಯಬೇಕೆಂದು ಖಜಾನೆ ಇನ್ನೂ ತಿಳಿಸಿಲ್ಲ.

ಇಷ್ಟೆಲ್ಲ ಕಾವಲಿನ ನಡುವೆ ಈ ದೇಶಕ್ಕೆ ಸಂಪೂರ್ಣ ತೆರೆದ ಗಡಿಯೊಂದಿದೆ ಎಂಬುದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡಿಗೂ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ, 200ಕ್ಕೂ ಹೆಚ್ಚು ದಾಟುದಾರಿಗಳು, ಪಾಸ್‌ಪೋರ್ಟ್ ಕೇಳಲು ಒಬ್ಬನೂ ಇಲ್ಲ. ಮುಂದಿನ ಗೇಟಿಗೆ ಏಳು ಬೀಗ ಜಡಿದು ಹಿಂದೆ ಕಾಂಪೌಂಡ್ ಗೋಡೆಯನ್ನೇ ಕಟ್ಟಿಸದ ಮನೆ ಇದು. ಹಾಗೆಂದು ಮನೆ ಕೊಳ್ಳೆ ಹೋಗಿಲ್ಲ: ಎರಡು ದೇಶಗಳ ಪ್ರಜೆಗಳು ನೂರು ವರ್ಷಗಳಿಂದ ಒಂದೆಡೆ ವಾಸಿಸಿ ಇನ್ನೊಂದೆಡೆ ದುಡಿಯುತ್ತಿದ್ದಾರೆ, ಹಾಲು ಆ ಕಡೆ ಕರೆದು ಈ ಕಡೆ ಸಂಸ್ಕರಣೆಯಾಗುತ್ತದೆ, ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಒಪ್ಪಂದದ ನಂತರದ ಶಾಂತಿಗೆ ಈ ಕಾಣದ ಗಡಿಯೇ ಅರ್ಧ ಆಧಾರ. 2024ರ ವಸಂತದಲ್ಲಿ ರುವಾಂಡಾಕ್ಕೆ ಹೆದರಿದವರು ಈ ದಾರಿಯಿಂದ ತಮ್ಮಲ್ಲಿಗೆ ಬರುತ್ತಿದ್ದಾರೆ ಎಂದು ಐರ್ಲೆಂಡ್ ದೂರಿತು. ನೋಡಿದಿರಾ, ಯೋಜನೆ ಫಲ ಕೊಡುತ್ತಿದೆ ಎಂದು ಸುನಕ್ ಸಂತೋಷಪಟ್ಟರು. ಅವರನ್ನು ವಾಪಸು ಪಡೆಯಲು ಒಪ್ಪಲಿಲ್ಲ. ವಾಪಸು ಕಳುಹಿಸಲು ಐರ್ಲೆಂಡಿಗೂ ಅಡ್ಡಿಯಿತ್ತು: ಬ್ರಿಟನ್ನನ್ನು ಸುರಕ್ಷಿತ ದೇಶವೆಂದು ಘೋಷಿಸಿದ್ದು ಐರೋಪ್ಯ ಕಾನೂನಿಗೆ ಹೊಂದುವುದಿಲ್ಲವೆಂದು ಡಬ್ಲಿನ್ನಿನ ಹೈಕೋರ್ಟ್ ಮಾರ್ಚ್‌ನಲ್ಲಿ ತೀರ್ಪಿತ್ತಿತ್ತು. ಹೀಗಾಗಿ ಅದೇ ಏಪ್ರಿಲ್‌ನಲ್ಲಿ, ಲಂಡನ್ನಿನ ಸಂಸತ್ತು ರುವಾಂಡಾ ಸುರಕ್ಷಿತವೆಂದು ಕಾಯ್ದೆ ಮಾಡುತ್ತಿದ್ದಾಗ, ಡಬ್ಲಿನ್ನಿನ ಸಂಪುಟವು ಬ್ರಿಟನ್ ಸುರಕ್ಷಿತವೆಂದು ಕಾಯ್ದೆ ಮಾಡಲು ಒಪ್ಪಿಗೆ ಕೊಡುತ್ತಿತ್ತು.

2024ರ ಜುಲೈನಲ್ಲಿ ಬ್ರಿಟನ್ನಿನ ಸರ್ಕಾರ ಬದಲಾಯಿತು, ಹೊಸ ಸರ್ಕಾರ ರುವಾಂಡಾ ಯೋಜನೆಯನ್ನು ಕೈಬಿಟ್ಟಿತು. ಕೊಟ್ಟ ಹಣ ಹಿಂದಿರುಗಿಸುವ ಬಾಧ್ಯತೆ ತನಗಿಲ್ಲವೆಂದು ಕಿಗಾಲಿ ಸೌಜನ್ಯದಿಂದ ತಿಳಿಸಿತು. 2025ರಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಭಾರತದೊಡನೆ ವ್ಯಾಪಾರ ಒಪ್ಪಂದ ಮಾಡಿಕೊಂಡು ಸ್ಕಾಚ್ ವಿಸ್ಕಿಯ ಮೇಲಿನ ನಮ್ಮ ಸುಂಕವನ್ನು ಶೇಕಡ 150ರಿಂದ 75ಕ್ಕೆ ಇಳಿಸಲು ಒಪ್ಪಿಸಿದರು, ಮುಂಬೈಗೆ ಬಂದಾಗ ವೀಸಾ ಮಾತ್ರ ಆ ಮಾತಿನಲ್ಲಿಲ್ಲ ಎಂದರು. ಫ್ರಾನ್ಸಿನೊಡನೆ ಅವರು ಮಾಡಿಕೊಂಡ ಏರ್ಪಾಡು ಇನ್ನೂ ಸೊಗಸಾಗಿದೆ. ದೋಣಿಯಲ್ಲಿ ಬಂದ ಒಬ್ಬನನ್ನು ಫ್ರಾನ್ಸಿಗೆ ಕಳುಹಿಸಿದರೆ ಅಲ್ಲಿಂದ ಇನ್ನೊಬ್ಬನನ್ನು ಕರೆಸಿಕೊಳ್ಳಬೇಕು. ಕೂಡಿ ಕಳೆದರೆ ಸೊನ್ನೆ. ಸೆಪ್ಟೆಂಬರ್‌ನಲ್ಲಿ ಮೊದಲು ಹೋದವನು ಒಬ್ಬ ಭಾರತೀಯ. ಅದರ ಮರುದಿನ ಕಳುಹಿಸಿದ ಇರಾನಿನ ಪ್ರಜೆಯೊಬ್ಬ ಒಂದು ತಿಂಗಳೊಳಗೆ ಇನ್ನೊಂದು ದೋಣಿ ಹತ್ತಿ ಮತ್ತೆ ಬ್ರಿಟನ್ನಿಗೆ ಬಂದಿಳಿದ. ನವೆಂಬರ್‌ನಲ್ಲಿ ಅವನನ್ನು ಮತ್ತೆ ವಿಮಾನ ಹತ್ತಿಸಲಾಯಿತು. ಒಬ್ಬನನ್ನೇ ಎರಡು ಬಾರಿ ಕಳುಹಿಸಿದ್ದಕ್ಕೆ ಫ್ರಾನ್ಸಿನಿಂದ ಇಬ್ಬರನ್ನು ಕರೆಸಿಕೊಳ್ಳಬೇಕೋ ಒಬ್ಬನನ್ನೋ ಎಂಬ ಪ್ರಶ್ನೆಗೆ, ರುವಾಂಡಾ ಯೋಜನೆಗೆ ದುಡಿದ ಸಾವಿರಕ್ಕೂ ಹೆಚ್ಚು ಅಧಿಕಾರಿಗಳಲ್ಲಿ ಯಾರಾದರೂ ಉತ್ತರ ಕಂಡುಹಿಡಿದಾರು.