ಮರ, ನೀರು, ಆನೆ, ಮತ್ತೆ ಕೋತಿ

ಕಾರಿನ ಇನ್ಶೂರೆನ್ಸ್ ಕಟ್ಟಿ ವಾರವೂ ಆಗಿಲ್ಲ. ಹೊಟ್ಟೆಯುರಿ ಇನ್ನೂ ಬಿಸಿಯಾಗೇ ಇದೆ.

ನಲವತ್ತು ದಾಟಿದ ಮೇಲೆ ಲೈಸೆನ್ಸ್ ಮಾಡಿಸಿದವಳು ನಾನು. ಭಾವನ ಹಳೇ ಕಾರು ಕೊಂಡೆ. ಗಾಡಿ ಕೆಎ 12, ನಮ್ಮ ಕೊಡಗಿನದು. ಬೆಂಗಳೂರು, ಚೆನ್ನೈ, ಮುಂಬೈ ಸೇರಿ 8 ನಗರಗಳು ಎ ಝೋನ್, ನಾವು ಬಿ ಝೋನ್, ಹಾಗಾಗಿ ಸ್ವಲ್ಪ ಅಗ್ಗ ಅಂತ ಖುಷಿಪಟ್ಟೆ. ಬೇರೆಯವರಿಗಾದ ಹಾನಿ ಭರಿಸುವ ಥರ್ಡ್ ಪಾರ್ಟಿಯಂತೂ ಸರ್ಕಾರವೇ ಗೊತ್ತು ಮಾಡಿದ ದರ. 1000 ಸಿಸಿ ದಾಟಿ 1500ರೊಳಗಿನ ಕಾರಿಗೆ 3,416 ರೂಪಾಯಿ, ನಾಪೋಕ್ಲಾದರೂ ಮುಂಬೈಯಾದರೂ ಅಷ್ಟೇ. ಆದರೆ ಕ್ಲೇಮ್ ಹಾಕದೇ ಇದ್ದುದಕ್ಕೆ ಭಾವನಿಗೆ ಸಿಕ್ಕಿದ್ದ 50 ಪರ್ಸೆಂಟ್ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕಾರಿನ ಜೊತೆ ಬರಲಿಲ್ಲ. ಅದು ಮಾಲೀಕನಿಗೆ ಸೇರಿದ್ದಂತೆ. ಮುರಿದ ಛತ್ರಿ, ಸೀಟಿನಡಿಯ ಕಿತ್ತಳೆ ಸಿಪ್ಪೆ ಎಲ್ಲ ನನಗೆ ಬಂತು. ಬೋನಸ್ ಭಾವನ ಹತ್ತಿರವೇ ಉಳಿಯಿತು. ನನ್ನದು ಸೊನ್ನೆಯಿಂದ ಶುರು.

ಅಷ್ಟಕ್ಕೇ ಮುಗಿದಿದ್ದರೆ ಪರವಾಗಿರಲಿಲ್ಲ. ನಮ್ಮ ಏಜೆಂಟರಿಗೊಂದು ಚಾಳಿ. ಕಾಗದ ತೋರಿಸಲ್ಲ, ನಟಿಸಿ ತೋರಿಸುತ್ತಾರೆ. ಜಗಲಿಯಲ್ಲಿ ಕೂತು ಕಾಫಿ ಗುಟುಕರಿಸಿ, ತೋಟದ ಸಿಲ್ವರ್ ಮರ ನೋಡಿದರು. “ಗಾಳಿ ಬಂತು ಅಂತಿಟ್ಕೊಳ್ಳಿ” ಎಂದು ಮೊಣಕೈ ಎತ್ತಿ, ನಿಧಾನಕ್ಕೆ ವಾಲಿಸಿ, ಬಿಸ್ಕತ್ತಿನ ತಟ್ಟೆಯ ಮೇಲೆ ಬೀಳಿಸಿದರು. ಬಿಸ್ಕತ್ತು ಪುಡಿಪುಡಿ. “ಬಂಪರ್ ಟು ಬಂಪರ್ ಅನ್ನೋ ಹೆಚ್ಚುವರಿ ಕವರ್ ಇಲ್ದಿದ್ರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ನಿಮ್ದೇ.” ಸೇರಿಸಿ ಅಂದೆ. ಆಮೇಲೆ ಭಾಗಮಂಡಲದ ಮಳೆಗಾಲ. ಲೋಟ ಓರೆಯಾಯಿತು, ಉಳಿದ ಕಾಫಿ ಮೇಜಿನ ತುಂಬ ಹರಿಯಿತು. ಇಂಜಿನ್ನಿಗೆ ನೀರು ನುಗ್ಗಿ ಸೀಜ್ ಆದರೆ ಮಾಮೂಲಿ ಪಾಲಿಸಿ ಕೈಬಿಡುತ್ತಂತೆ. ಇಂಜಿನ್ ಪ್ರೊಟೆಕ್ಷನ್ ಸೇರಿತು. ಮೇಜು ಒರೆಸಿದವಳು ನಾನು.

ಕೊನೆಗೆ ತಿತಿಮತಿಯ ಆನೆ. ಅದಕ್ಕೆ ಎದ್ದೇ ನಿಂತರು. ಒಂದು ಕೈ ಸೊಂಡಿಲು, ನಮ್ಮ ಪ್ಲಾಸ್ಟಿಕ್ ಕುರ್ಚಿ ಕಾರು. ಘೀಳಿಟ್ಟ ರಭಸಕ್ಕೆ ನಾಯಿ ಕಾಫಿಗಿಡದ ಸಂದಿಗೆ ಓಡಿತು. ಮಗುಚಿ ಬಿದ್ದ ಕುರ್ಚಿ ನೋಡಿ, “ಇದಕ್ಕೆಷ್ಟು ಜಾಸ್ತಿ?” ಅಂತ ಕೇಳಿದೆ.

“ಇಲ್ಲಇಲ್ಲ, ಆನೆ ಮಾಮೂಲಿ ಪಾಲಿಸಿಯಲ್ಲೇ ಬರುತ್ತೆ.”

ಮತ್ತೆ ನಟಿಸಿದ್ಯಾಕೆ ಮಾರಾಯ್ರೆ!

ಭೂಕುಸಿತವನ್ನು ಮಾತ್ರ ಅವರು ನಟಿಸಲಿಲ್ಲ. ಅದೂ ಮಾಮೂಲಿಯಲ್ಲೇ ಇದೆ ಅಂತ ತಲೆ ತಗ್ಗಿಸಿ ಹೇಳಿ ಹಾಳೆ ಮಗುಚಿದರು. 2018ರ ಆಗಸ್ಟ್ ತನಕ ಜೋಡುಪಾಲದಲ್ಲಿ ಅವರ ಅಕ್ಕನ ಮನೆ ಇತ್ತು. ನಾನೂ ಏನೂ ಕೇಳಲಿಲ್ಲ.

ಎಲ್ಲದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬಿ ಝೋನಿನಲ್ಲಿ ಉಳಿದದ್ದು ಎಲ್ಲಿ ಹೋಯಿತೋ.

ನಿನ್ನೆ ಅಂಗಳದಲ್ಲಿ ನಿಂತ ಕಾರಿನ ವೈಪರನ್ನು ಕೋತಿ ಕಿತ್ತುಕೊಂಡು ಹೋಯಿತು. ಫೋನ್ ಮಾಡಿದೆ. “ಅಯ್ಯೋ, ಇದಕ್ಕೆಲ್ಲ ಕ್ಲೇಮ್ ಹಾಕ್ಬೇಡಿ! ಮುಂದಿನ ವರ್ಷದ 20 ಪರ್ಸೆಂಟ್ ಬೋನಸ್ ಹೋಗುತ್ತೆ. ಹೇಗೂ ಮೊದಲ 1,000 ರೂಪಾಯಿ ನೀವೇ ಹಾಕ್ಬೇಕು” ಅಂದರು. ಇನ್ನೇನು ಫೋನ್ ಇಡಬೇಕು, ಅಷ್ಟರಲ್ಲಿ ಕೇಳಿದರು: “ಅಕ್ಕಾ, ಕಿತ್ತಿದ್ದು ಒಂದೇ ಕೈಯಲ್ಲಾ, ಎರಡೂ ಕೈಯಲ್ಲಾ?”

ಮುಂದಿನ ಗಿರಾಕಿಗೆ ಬೇಕಲ್ಲ.