ಪ್ಯಾನೆಲ್ಲಿನ ಕಾಲು ಗಟ್ಟಿ ಇರ್ಲಿ

ನಮ್ದು ಹಳೇ ಮಣ್ಣಿನ ಮಾಳಿಗೆ ಮನೆ, ಮೇಲೆ ಸೋಲಾರ್ ಕೂರ್ಸೋ ಮಾತೇ ಇಲ್ಲ, ತೊಲೆ ತಡೆಯಲ್ಲ. ಅದಕ್ಕೇ ಹಿತ್ಲಲ್ಲಿ ನೆಲಕ್ಕೇ ಸ್ಟ್ಯಾಂಡ್ ಮಾಡಿ 540 ವ್ಯಾಟಿಂದು ನಾಲ್ಕು ಪ್ಯಾನೆಲ್ ಹಾಕಿದೀನಿ. ನೋಡೋಕೆ ಬಂದೋರೆಲ್ಲ ಎಷ್ಟಾಯ್ತು ಅಂತಾನೇ ಕೇಳ್ತಾರೆ, ಕಾಲು ಎಷ್ಟು ಆಳ ಇಳ್ಸಿದೀಯಪ್ಪ ಅಂತ ಒಬ್ರೂ ಕೇಳಲ್ಲ.

ಹೋದ್ ವರ್ಷ ಮೇ ತಿಂಗ್ಳಲ್ಲಿ ನಮ್ ಸೋದರಮಾವ ಆಂಗಲ್ ಫ್ರೇಮ್ ಮಾಡ್ಸಿ ಸಿಮೆಂಟ್ ಇಟ್ಟಿಗೆ ಮೇಲಿಟ್ಟು, ಕಾಲಿಗೆ ಮರಳಿನ ಚೀಲ ಹೇರಿದ್ರು, ಒಂದೊಂದು ಪ್ಯಾನೆಲ್ಲೂ 28 ಕೆಜಿ ಐತೆ ಎಲ್ಲಿಗ್ ಹೋಗುತ್ತೆ ಅಂತ. ಮಳೆಗೆ ಮುಂಚೆ ಬಂದ ಬಿರುಗಾಳಿಗೆ ಫ್ರೇಮ್ ಸಮೇತ ಮಗುಚ್ಕೊಂಡು ಗಾಜೆಲ್ಲ ಪುಡಿಪುಡಿ. ಈರುಳ್ಳಿ ಮಾರಿದ ದುಡ್ಡದು, ಮಾವ ಎರಡು ದಿನ ಸರಿಯಾಗಿ ಊಟಾನೂ ಮಾಡ್ಲಿಲ್ಲ.

ಗಾಳಿ ಪ್ಯಾನೆಲ್ಲನ್ನ ಬರೀ ಒತ್ತಲ್ಲ, ಕೆಳಗೆ ನುಗ್ಗಿ ಮೇಲಕ್ಕೆತ್ತುತ್ತೆ. ವೇಗ ಎರಡು ಪಟ್ಟಾದ್ರೆ ಅದರ ಜೋರು ನಾಲ್ಕು ಪಟ್ಟು. ಗಂಟೆಗೆ 100 ಕಿಮೀ ಗಾಳಿ ಬಂದ್ರೆ ಏಳೂವರೆ ಅಡಿ ಉದ್ದದ ಒಂದು ಪ್ಯಾನೆಲ್ಲಿಗೇ 100 ಕೆಜಿ ಮೀರಿದ ಎಳೆತ ಬೀಳುತ್ತೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಸಿರೋ ಸೀಮೆ ನಮ್ದು, ಆಷಾಢದಲ್ಲಿ ಬಾಗ್ಲು ಹಾಕ್ಕೊಂಡು ಕೂತ್ರೂ ಗಾಳಿ ಸದ್ದು ನಿಲ್ಲಲ್ಲ.

ದುರ್ಗದಲ್ಲಿ ಕಲ್ಲಿಗೇನು ಬರ ಇಲ್ವಲ್ಲ, ಬೇಲಿಗೆ ಹಾಕೋ ಕಲ್ಲು ಕಂಬಾನೇ ತಂದೆ, ಮುಂದೆ ಮೂರು ಹಿಂದೆ ಮೂರು, ಕಬ್ಬಿಣದ ಕಾಲಿಗಿಂತ ಅಗ್ಗ, ಬುಡ ತುಕ್ಕು ಹಿಡಿಯೋ ಚಿಂತೆನೂ ಇಲ್ಲ. ಎರಡೂವರೆ ಅಡಿ ಗುಂಡಿ, ಸುತ್ತ ಜಲ್ಲಿ ಕಾಂಕ್ರೀಟ್. ನಂದು ಗರಸು ನೆಲ, ಗಡಾರಿ ಹಿಡಿದು ಅಂಗೈ ಬೊಬ್ಬೆ ಬಂತು, ಆದ್ರೆ ಒಮ್ಮೆ ಕೂತ್ರೆ ಅಲ್ಲಾಡಲ್ಲ. ದಾವಣಗೆರೆ ಕಡೆ ಎರೆ ನೆಲ ಇರೋರು ಇನ್ನೂ ಆಳಕ್ಕೆ ಹೋಗಿ, ಬೇಸಿಗೇಲಿ ಬಿರುಕು ಬಿಟ್ಟು ಮಳೇಲಿ ಉಬ್ಬೋ ಮಣ್ಣದು. ಕಂಬಕ್ಕೆ ಸುತ್ತ ಪಟ್ಟಿ ಬಿಗಿದ್ರಷ್ಟೇ ಸಾಲಲ್ಲ, ಗಾಳಿ ಎತ್ತಿದಾಗ ಜಾರುತ್ತೆ. ಕಲ್ಲು ಕೆಲ್ಸದೋರ ಹತ್ರ ಆಚೆಯಿಂದೀಚೆಗೆ ತೂತು ಕೊರ್ಸಿ ಬೋಲ್ಟ್ ಹಾಕಿ, ಅದಕ್ಕೆ ಜಿಐ ಚಾನೆಲ್, ಅಂದ್ರೆ ಸತು ಲೇಪ ಇರೋ ಕಬ್ಬಿಣದ ಪಟ್ಟಿ, ಕೂರಿಸ್ದೆ. ವೆಲ್ಡಿಂಗ್ ಮಾಡಿದ್ ಜಾಗಕ್ಕೆಲ್ಲ ಎರಡು ಸಲ ಪೇಂಟ್ ಹೊಡೀರಿ, ತುಕ್ಕು ಶುರುವಾಗೋದೇ ಅಲ್ಲಿ.

ಮುಖ ದಕ್ಷಿಣಕ್ಕೆ, ಓರೆ 14 ಡಿಗ್ರಿ ಸಾಕು. ಹಿಂದ್ ಮುಂದಿನ ಕಂಬದ ಮಧ್ಯೆ 5 ಅಡಿ ಇದ್ರೆ ಹಿಂದಿನದು ಮುಂದಿನದಕ್ಕಿಂತ 15 ಇಂಚು ಎತ್ತರ ಇರ್ಬೇಕು, ಅಷ್ಟೇ ಲೆಕ್ಕ. ಜಾಸ್ತಿ ಎತ್ತಿದ್ರೆ ಗಾಳೀನ ನಾವೇ ಕರೆದಂಗೆ. ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಬಿಡಿ, ಮಳೆ ಹೊಡೆದಾಗ ಕೆಸರು ಸಿಡಿಯಲ್ಲ. ಮೇಕೆ ಇದ್ರೆ ಸುತ್ತ ಬೇಲಿ ಬೇಕೇ ಬೇಕು, ಓರೆ ಕಂಡ್ರೆ ಹತ್ತಿ ಮಲಗ್ತವೆ.

ಸಬ್ಸಿಡಿ ಬೇಕಾದೋರು ಮಾತ್ರ ಮೊದ್ಲೇ ನೋಂದಣಿ ಆಗಿರೋ ವೆಂಡರ್ ಹತ್ರ ಮಾತಾಡಿ, ಪಿಎಂ ಸೂರ್ಯಘರ್ ಅನ್ನೋ ಕೇಂದ್ರ ಸರ್ಕಾರದ ಸೋಲಾರ್ ಯೋಜನೇಲಿ 2 ಕಿಲೋವ್ಯಾಟಿಗೆ 60,000 ಕೊಡ್ತಾರೆ, ನಾವೇ ಕೂರಿಸ್ಕೊಂಡ್ರೆ ಅದು ಸಿಗಲ್ಲ. ಇನ್ನು ವೈರಿಂಗಿಗೆ ದಯವಿಟ್ಟು ಕೈ ಹಾಕ್ಬೇಡಿ. ನಾಲ್ಕು ಪ್ಯಾನೆಲ್ ಸಾಲಾಗಿ ಜೋಡಿಸಿದ್ರೆ ಹತ್ತಿರತ್ತಿರ 200 ವೋಲ್ಟ್ ಡಿಸಿ, ಬಿಸಿಲಿರೋವರ್ಗೂ ಅದನ್ನ ಆಫ್ ಮಾಡೋಕಾಗಲ್ಲ. ಗುಂಡಿ ನಾನೇ ತೋಡಿದೆ, ಕಂಬ ನಾನೇ ನಿಲ್ಸಿದೆ, ವೈರು ಅರ್ಥಿಂಗು ಎಲ್ಲ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸ್ದೆ.