ಹತ್ತು ಸಾವಿರ ವ್ಯಾಟಿನ ಗೃಹಪ್ರವೇಶ

ಮಂಗಳೂರಿನ ಹೊಸ ಫ್ಲ್ಯಾಟುಗಳ ಗೃಹಪ್ರವೇಶಕ್ಕೆ ಹೋದವರಿಗೆ ಕ್ರಮ ಗೊತ್ತೇ ಉಂಟು. ಗಣಹೋಮದ ಹೊಗೆ ಇಳಿಯುವ ಮೊದಲೇ ಯಜಮಾನರು ಬಂದವರನ್ನು ಅಡುಗೆಮನೆಗೆ, ಆಮೇಲೆ ಬಾಲ್ಕನಿಗೆ ಕರೆದೊಯ್ಯುತ್ತಾರೆ ("ಅಗೋ, ಆ ಎರಡು ಬಿಲ್ಡಿಂಗಿನ ನಡುವೆ ಒಂಚೂರು ನೀಲಿ ಕಾಣ್ತದಲ್ಲ, ಅದು ಸಮುದ್ರ"). ಕೊನೆಗೆ ಹಾಲ್‌ನಲ್ಲಿ ಹೋಮ್ ಥಿಯೇಟರಿನ ಎದುರು ನಿಲ್ಲಿಸುತ್ತಾರೆ. ಬಂದವರದ್ದು ಒಂದೇ ಪ್ರಶ್ನೆ: "ಎಷ್ಟು ವ್ಯಾಟ್ ಮಾರಾಯ್ರೇ?"

"ಹತ್ತು ಸಾವಿರ!"

ಯಾರೂ ಒಂದು ಹಾಡು ಹಾಕಿ ಎನ್ನುವುದಿಲ್ಲ. ಸಂಖ್ಯೆ ಕೇಳಿಯಾಯಿತು, ಇನ್ನು ಊಟಕ್ಕೆ ಏಳಬಹುದು.

ಈ ಹತ್ತು ಸಾವಿರವನ್ನು ಸ್ವಲ್ಪ ಲೆಕ್ಕಕ್ಕೆ ಕೂರಿಸೋಣ. 230 ವೋಲ್ಟಿನ ಲೈನಿನಿಂದ ಹತ್ತು ಸಾವಿರ ವ್ಯಾಟ್ ಎಳೆಯಬೇಕಾದರೆ 43 ಆಂಪಿಯರ್ ಕರೆಂಟ್ ಬೇಕು. ಮನೆಯ ಮೇನ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) 32 ಆಂಪಿಯರಿನದ್ದಾದರೆ ಮೊದಲ ಢಂ ಎನ್ನುವಷ್ಟರಲ್ಲಿ ಫ್ರಿಜ್ಜು, ಫ್ಯಾನು, ಪುರೋಹಿತರ ಮೈಕು ಎಲ್ಲ ಒಟ್ಟಿಗೆ ಮೌನವ್ರತ ಹಿಡಿಯಬೇಕಿತ್ತು. ಹಿಡಿಯುವುದಿಲ್ಲ. ಏಕೆಂದರೆ ಪೆಟ್ಟಿಗೆಯನ್ನು ತಿರುಗಿಸಿದರೆ ಹಿಂದಿನ ಸ್ಟಿಕ್ಕರ್ ಪಾಪ ಸತ್ಯ ಹೇಳುತ್ತದೆ: 230 ವೋಲ್ಟ್, 50 ಹರ್ಟ್ಜ್, 60 ವ್ಯಾಟ್. ಪೆಟ್ಟಿಗೆಯ ಮುಖದ ಮೇಲಿರುವುದು ಪಿಎಂಪಿಒ, ಅರೆಕ್ಷಣಕ್ಕೆ ಚಿಮ್ಮಬಹುದೆಂಬ ಗರಿಷ್ಠ ವ್ಯಾಟಿನ ಲೆಕ್ಕ. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ಕ್ರಮವೇ ಇಲ್ಲ. ಮಾರುವವನಿಗೆ ಎಷ್ಟು ಧೈರ್ಯವೋ ಅಷ್ಟು ವ್ಯಾಟ್. ಕೇಳಬೇಕಾದದ್ದು ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್. ಅದೂ ದೊಡ್ಡದಿರಲೇಬೇಕೆಂದಿಲ್ಲ: ವ್ಯಾಟ್ ದುಪ್ಪಟ್ಟಾದರೆ ಶಬ್ದ ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ವ್ಯಾಟ್ ಹತ್ತು ಪಟ್ಟಾಗಬೇಕು. 87 ಡೆಸಿಬಲ್ ಸೆನ್ಸಿಟಿವಿಟಿ ಇರುವ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುವ) ಮಾಮೂಲಿ ಸ್ಪೀಕರಿನಲ್ಲಿ ವಾರ್ತೆ ಕೇಳುವುದಕ್ಕೆ ಒಂದು ವ್ಯಾಟೂ ಬೇಡ. ಬಯಲಾಟದ ಚೆಂಡೆಗೆ ಯಾವ ವ್ಯಾಟೂ ಬರೆದಿರುವುದಿಲ್ಲ, ಗದ್ದೆಯಾಚೆಯ ಮನೆಯವರೂ ಎದ್ದು ಕೂರುತ್ತಾರೆ.

ಇನ್ನು ಜೋಡಣೆ. 5.1 ಎಂದರೆ ಐದು ಸ್ಪೀಕರು, ಒಂದು ಸಬ್‌ವೂಫರು (ಬೇಸ್ ಎನ್ನುವ ದಪ್ಪ ಸದ್ದಿನ ಪೆಟ್ಟಿಗೆ). ಎಡಬಲದ್ದು ಕೂತವರ ಕಣ್ಣಿನಿಂದ 30 ಡಿಗ್ರಿ ಆಚೀಚೆ, ಹಿಂದಿನವು 110 ಡಿಗ್ರಿಯಲ್ಲಿ, ಸೆಂಟರ್ ಟಿವಿಯ ಅಡಿಯಲ್ಲಿ ಕಿವಿಗೆ ಮುಖ ಮಾಡಿ. ನಮ್ಮಲ್ಲಿ ಐದನ್ನೂ ಟಿವಿ ಯೂನಿಟ್ಟಿನ ಮೇಲೆ ಸಾಲಾಗಿ, ಫೋಟೋಗೆ ನಿಂತ ಕುಟುಂಬದ ಹಾಗೆ ನಿಲ್ಲಿಸುವುದು ಪದ್ಧತಿ. ಹಿಂದಕ್ಕೆ ವಯರ್ ಎಳೆದರೆ ವಿಟ್ರಿಫೈಡ್ ಟೈಲ್ಸಿನ ಚಂದ ಹಾಳಾಗುತ್ತದಂತೆ. ಸೆಂಟರ್ ಸ್ಪೀಕರಿಗೆ ವಿಶೇಷ ಮರ್ಯಾದೆ: ಅದು ಶೋಕೇಸಿನ ಒಳಗೆ, ಗಾಜಿನ ಬಾಗಿಲ ಹಿಂದೆ, ಯಕ್ಷಗಾನದ ಕಿರೀಟದ ಗೊಂಬೆಗೂ ಸಹಕಾರಿ ಸಂಘದ ಸ್ಮರಣಿಕೆಗೂ ಮಧ್ಯೆ. ಸಿನಿಮಾದ ಮಾತುಗಳಲ್ಲಿ ಹೆಚ್ಚಿನ ಪಾಲು ಬರುವುದು ಆ ಒಂದು ಸ್ಪೀಕರಿನಿಂದ ಎನ್ನುವುದು ಗೊಂಬೆಗೆ ಮಾತ್ರ ಗೊತ್ತು.

ವಯರನ್ನು ಗೋಡೆಯೊಳಗೆ ಒಯ್ಯೋಣವೆಂದರೆ ಬ್ರೋಶರಿನಲ್ಲಿ "ಹೋಮ್ ಥಿಯೇಟರ್ ವ್ಯವಸ್ಥೆ ಇದೆ" ಎಂದಿದೆಯಲ್ಲ! ವ್ಯವಸ್ಥೆ ಎಂದರೆ ಗೋಡೆಯಲ್ಲಿ ಹೂತ ಮುಕ್ಕಾಲು ಇಂಚಿನ ಪೈಪು, ಅದಕ್ಕೆ ಎರಡು ಬೆಂಡು. ಟಿವಿಗೆ ಚಿತ್ರ, ಸದ್ದು ಒಯ್ಯುವ ಎಚ್‌ಡಿಎಂಐ ವಯರಿನ ಪ್ಲಗ್ಗಿನ ತಲೆಯೇ ಆ ಪೈಪಿಗಿಂತ ದಪ್ಪ. ಪ್ಲಾಸ್ಟರಿಂಗ್ ಆಗುವ ಮೊದಲು ಎರಡು ಇಂಚಿನ ಪೈಪು ಹಾಕಿಸಿ ಒಳಗೊಂದು ನೈಲಾನ್ ದಾರ ಬಿಟ್ಟಿದ್ದರೆ ಮುಗಿದಿತ್ತು. ಈಗ ಗೋಡೆ ಒಡೆಯಬೇಕು, ವಾಸ್ತು ಕೇಳಬೇಕು.

ಸಬ್‌ವೂಫರಿನ ಜಾಗ ಹುಡುಕುವುದಕ್ಕೆ ಒಂದು ಒಳ್ಳೆಯ ಉಪಾಯ ಉಂಟು. 14 ಅಡಿ ಉದ್ದದ ಕೋಣೆಯಲ್ಲಿ 40 ಹರ್ಟ್ಜ್ ಆಸುಪಾಸಿನ ಸದ್ದು ಗೋಡೆಯ ಹತ್ತಿರ ಗುಡುಗುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ಆದ್ದರಿಂದ ವೂಫರನ್ನು ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಇರುವ ಹಾಡು ಹಾಕಿ, ಕ್ರಾಸ್‌ಓವರ್ ಗುಂಡಿಯನ್ನು (ಎಷ್ಟರ ಕೆಳಗಿನ ಸದ್ದು ವೂಫರಿಗೆ ಎಂದು ಹೇಳುವುದು ಅದು) 80 ಹರ್ಟ್ಜ್‌ಗೆ ತಿರುಗಿಸಿ, ಗೋಡೆಯ ಬದಿಯಲ್ಲಿ ಅಂಬೆಗಾಲಿಡುತ್ತ ಹೋಗಿ. ಎಲ್ಲಿ ಬೇಸ್ ಒಂದೊಂದೇ ಪೆಟ್ಟಾಗಿ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲೇ ಅದರ ಜಾಗ. ಪಕ್ಕದ ಫ್ಲ್ಯಾಟಿನವರು ಹಾಲಿನ ಪ್ಯಾಕೆಟ್ ಕೊಡಲು ಬಂದು ಬಾಗಿಲಲ್ಲಿ ನಿಂತು, "ಎಂತ ಹರಕೆ? ಉರುಳು ಸೇವೆಯಾ?" ಎಂದು ಕೇಳಿದರೆ ಹೌದೆನ್ನಿ. ಮುಂದೆ ಅವರದೇ ಗೋಡೆ ನಡುಗಲಿಕ್ಕಿದೆ. ಈಗಲೇ ದೇವರ ಹೆಸರು ಬಂದಿರಲಿ. ಬೇಸ್ ಗೋಡೆ ದಾಟುತ್ತದೆ, ಮಾತು ದಾಟುವುದಿಲ್ಲ, ಹಾಗಾಗಿ ಅವರಿಗೆ ಇಡೀ ಸಿನಿಮಾದಲ್ಲಿ ಕೇಳುವುದು ಬರೀ ಧಡ್ ಧಡ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಆ ನಿಯಮ ತಿಂಗಳಿಗೊಮ್ಮೆ ಫಾರ್ವರ್ಡ್ ಆಗುತ್ತಲೂ ಇರುತ್ತದೆ, ಅದೇ ಧಡ್ ಧಡ್ ಮನೆಯಿಂದ.

ಊರ ಕಡೆಯ ಹಂಚಿನ ಮನೆಗಳಿಗೆ ಈಗ ಆಟ್ಮೋಸ್ ಬಂದಿದೆ, ಸಿನಿಮಾದ ಹೆಲಿಕಾಪ್ಟರು ತಲೆಯ ಮೇಲೆಯೇ ಹಾರಿದಂತೆ ಕೇಳಿಸುವ ತಂತ್ರ. ಟಿವಿಯ ಅಡಿ ಇಡುವ ಉದ್ದ ಸ್ಪೀಕರ್ ಪಟ್ಟಿ, ಅಂದರೆ ಸೌಂಡ್‌ಬಾರಿನ ತಲೆಯ ಮೇಲಿನ ಸ್ಪೀಕರ್ ಸದ್ದನ್ನು ಮೇಲಕ್ಕೆ ಹೊಡೆಯುತ್ತದೆ. ಅದು ಸೀಲಿಂಗಿಗೆ ಬಡಿದು ನಮ್ಮ ತಲೆಯ ಮೇಲೆ ಇಳಿಯಬೇಕು. ಅದಕ್ಕೆ ಚಪ್ಪಟೆಯಾದ, ಗಟ್ಟಿಯಾದ, ತೀರಾ ಎತ್ತರವಲ್ಲದ ಮಾಡು ಬೇಕು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಡತೊಡಗಿದ ಬಾಸೆಲ್ ಮಿಷನ್‌ನ ಪಾದ್ರಿಗಳು ಮಳೆನೀರು ಜಾರಬೇಕೆಂದು ಯೋಚಿಸಿದರೇ ಹೊರತು ಹೆಲಿಕಾಪ್ಟರ್ ಸದ್ದು ಇಳಿಯಬೇಕೆಂದು ಯೋಚಿಸಲಿಲ್ಲ. ಹೆಲಿಕಾಪ್ಟರು ಇಳಿಜಾರಿನಲ್ಲಿ ದಿಕ್ಕು ತಪ್ಪಿ ಅಟ್ಟದ ತೆಂಗಿನಕಾಯಿ ರಾಶಿಯ ಮೇಲೆ ಲ್ಯಾಂಡ್ ಆಗುತ್ತದೆ. ಇಲಿಗಳಿಗೆ ಮಾತ್ರ ಪೂರ್ಣ ಅನುಭವ.

ಗೇಮಿಂಗ್ ವಿಷಯಕ್ಕೆ ಬಂದರೆ ಪ್ರಹಸನ ಇನ್ನೂ ಚಂದ. ಸೋನಿಯ ಗೇಮ್ ಕನ್ಸೋಲ್ ಪಿಎಸ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಅದು ಸೆಕೆಂಡಿಗೆ 120 ಫ್ರೇಮ್ ಕೊಡಬಲ್ಲದು ಎಂದು ಕೇಳಿದ ತಂದೆ, ಸೆಕೆಂಡಿಗೆ 48 ಗಿಗಾಬಿಟ್ ಸಾಗಿಸುವ ದುಬಾರಿ ಕೇಬಲ್ ಕೊಂಡು 60 ಹರ್ಟ್ಜ್ ಟಿವಿಗೆ, ಅಂದರೆ ಸೆಕೆಂಡಿಗೆ 60 ಫ್ರೇಮ್ ಮಾತ್ರ ತೋರಿಸುವುದಕ್ಕೆ ಸಿಕ್ಕಿಸುತ್ತಾರೆ. ಇನ್ನೊಬ್ಬರದ್ದು 120 ಹರ್ಟ್ಜ್ ಟಿವಿಯೇ, ಆದರೆ ಕನ್ಸೋಲನ್ನು 4ಕೆ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮಿಗಿಂತ ಹೆಚ್ಚು ದಾಟಿಸದ ಸೌಂಡ್‌ಬಾರಿನ ಮೂಲಕ ಹಾಯಿಸಿರುತ್ತಾರೆ. ಕನ್ಸೋಲ್ ನೇರ ಟಿವಿಗೆ. ಟಿವಿಯ ಹಿಂದೆ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದ ಒಂದೇ ಒಂದು ತೂತಿನಿಂದ ಸೌಂಡ್‌ಬಾರಿಗೆ. ಬೇರೆ ತೂತಿಗೆ ಹಾಕಿದರೆ ಸದ್ದು ಬಾರದು. ಆಮೇಲೆ ಟಿವಿಯ ಸೆಟ್ಟಿಂಗ್ಸಿನಲ್ಲಿ ಸಿಇಸಿ (ಒಂದರ ರಿಮೋಟಿನ ಮಾತು ಇನ್ನೊಂದಕ್ಕೆ ದಾಟಿಸುವ ಸೌಕರ್ಯ) ಆನ್ ಮಾಡಿ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ನಾಮಕರಣ ಮಾಡಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಗ ಒಂದೇ ರಿಮೋಟಿನಲ್ಲಿ ಕೆಲಸ ಆಗುತ್ತದೆ.

ಇಷ್ಟೆಲ್ಲ ಯಾರಿಗೆ ಪುರುಸೊತ್ತು? ಫಿಟ್ ಮಾಡಲು ಬಂದ ಹುಡುಗ "ಬ್ಲೂಟೂತ್ ಮಾಡಿಡ್ತೇನೆ ಸರ್" ಎಂದು ಐದು ನಿಮಿಷದಲ್ಲಿ ಹೋಗುತ್ತಾನೆ. ಬ್ಲೂಟೂತ್‌ನಲ್ಲಿ ಸದ್ದು 0.2 ಸೆಕೆಂಡಿನಷ್ಟು ತಡವಾಗುವುದು ಸಾಮಾನ್ಯ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ 68 ಮೀಟರ್ ಓಡುತ್ತದೆ, ಅಂದರೆ ಟಿವಿಯನ್ನು ಕಾಂಪೌಂಡಿನಾಚೆ, ಬಸ್‌ಸ್ಟಾಪಿನಲ್ಲಿ ಇಟ್ಟು ನೋಡಿದ ಹಾಗೆ. ಶತ್ರು ಬಿದ್ದು ಸತ್ತ ಮೇಲೆ ಗುಂಡಿನ ಸದ್ದು. ಅಷ್ಟಕ್ಕೂ ಆಡುವವರು ಯಾರು? ಪಿಯುಸಿ ಫಲಿತಾಂಶದ ಮೊದಲೆರಡು ಸ್ಥಾನಕ್ಕೆ ತಮ್ಮತಮ್ಮಲ್ಲೇ ಪೈಪೋಟಿ ನಡೆಸುವ ಜಿಲ್ಲೆಗಳಿವು, ದಕ್ಷಿಣ ಕನ್ನಡ ಮತ್ತು ಉಡುಪಿ. ಕನ್ಸೋಲ್ ಜೂನ್‌ನಿಂದ ಮಾರ್ಚ್‌ವರೆಗೆ ಗೋದ್ರೆಜ್ ಕಪಾಟಿನಲ್ಲಿ, ಪಟ್ಟೆಸೀರೆಗಳ ಜೊತೆ. ಚಾರ್ಜಿಲ್ಲದೆ ಹತ್ತು ತಿಂಗಳು ಮಲಗಿದ ಕಂಟ್ರೋಲರಿನ ಲಿಥಿಯಂ ಬ್ಯಾಟರಿ ಏಪ್ರಿಲ್‌ನಲ್ಲಿ ಏಳದಿದ್ದರೆ "ಚೈನಾ ಮಾಲು" ಎಂದು ತೀರ್ಪು.

ಏಪ್ರಿಲ್ ಎಂದರೆ ಗುಡುಗು ಮಿಂಚಿನ ಶುರು. ಮೊದಲ ಗುಡುಗಿಗೇ ಎಲ್ಲರೂ ಓಡಿ ಪ್ಲಗ್ ಕೀಳುತ್ತಾರೆ, ಸರಿಯೇ. ಆದರೆ ಡಿಶ್ಶಿನ ವಯರು, ಇಂಟರ್ನೆಟ್ಟಿನ ಲ್ಯಾನ್ ವಯರು ಹಾಗೆಯೇ ನೇತಾಡುತ್ತಿರುತ್ತವೆ. ಸಿಡಿಲು ಆ ದಾರಿಯಲ್ಲಿ ಬಂದು ಎಚ್‌ಡಿಎಂಐ ಪೋರ್ಟುಗಳನ್ನು ಒಂದೊಂದಾಗಿ ಸುಟ್ಟು ಹೋಗುತ್ತದೆ. ಸ್ಪೀಕರಿನಲ್ಲಿ ಸದಾ "ಗುಂಯ್" ಎನ್ನುವ 50 ಹರ್ಟ್ಜ್ ರಾಗ ಬಂದರೂ ಮೂಲ ಹೆಚ್ಚಾಗಿ ಕೇಬಲ್ ಟಿವಿಯ ವಯರೇ; ಅದನ್ನು ಕಿತ್ತು ನೋಡಿದರೆ ತಿಳಿಯುತ್ತದೆ. ನಮ್ಮವರು ಮಾಡುವ ಚಿಕಿತ್ಸೆ ಬೇರೆ, ಪ್ಲಗ್ಗಿನ ಮೂರನೇ ಕಡ್ಡಿ ಮುರಿಯುವುದು. ರಾಗ ನಿಲ್ಲುತ್ತದೆ. ಅರ್ಥಿಂಗೂ ಹೋಗುತ್ತದೆ, ಮಳೆಗಾಲದ ಒದ್ದೆ ಕೈಯಲ್ಲಿ ಮುಟ್ಟಿದರೆ ಮುಟ್ಟಿದವರೇ ಹಾಡಬೇಕು.

ಗೃಹಪ್ರವೇಶದ ರಾತ್ರಿ, ನೆಂಟರೆಲ್ಲ ಹೊರಟ ಮೇಲೆ, ಮಗ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂತಿರುತ್ತಾನೆ. ಹಾಲ್‌ನಲ್ಲಿ ಹತ್ತು ಸಾವಿರ ವ್ಯಾಟಿನ ನೀಲಿ ದೀಪ ಮಿನುಗುತ್ತಿರುತ್ತದೆ. ಅದರೆದುರೇ ಅಜ್ಜಿ ಮೊಬೈಲನ್ನು ಕಿವಿಗೆ ಹಿಡಿದು ಯಕ್ಷಗಾನದ ಲೈವ್ ಕೇಳುತ್ತಿರುತ್ತಾರೆ.

"ದೊಡ್ಡದ್ರಲ್ಲಿ ಹಾಕ್ಲಾ ಅಜ್ಜಿ?"

"ಬೇಡ ಮಗಾ. ಅದ್ರಲ್ಲಿ ಚೆಂಡೆ ಮಾತ್ರ ಕೇಳ್ತದೆ, ಅರ್ಥಧಾರಿ ಎಂತ ಹೇಳಿದ್ರು ಅಂತಲೇ ಗೊತ್ತಾಗುದಿಲ್ಲ."

ಶೋಕೇಸಿನ ಗಾಜಿನ ಹಿಂದೆ ಕಿರೀಟದ ಗೊಂಬೆ ಸೆಂಟರ್ ಸ್ಪೀಕರಿಗೆ ಒರಗಿ ನಿಂತಿರುತ್ತದೆ.